ಪ್ರವಾಸದ ಬಸ್ ಹೊರಡುವ ಮೊದಲು ಸಮುದ್ರದ ಪಾಠ ಆಗಲಿ

ಮಾನ್ಯ ಸಂಪಾದಕರೇ,

ದೀಪಾವಳಿ ಮುಗಿಯಿತು. ಇನ್ನು ನಮ್ಮ ಕಡೆ ಶಾಲೆಗಳಲ್ಲಿ ಪ್ರವಾಸದ ಸೀಸನ್. ನೋಟಿಸ್ ಬೋರ್ಡಿನ ಮೇಲೆ ಪಟ್ಟಿ ಬೀಳುತ್ತದೆ. ಧರ್ಮಸ್ಥಳ, ಉಡುಪಿ, ಮುರುಡೇಶ್ವರ, ಗೋಕರ್ಣ, ಜೋಗ. ದುಡ್ಡು ಕಟ್ಟಲು ಕೊನೆಯ ದಿನ ಯಾವತ್ತು, ಎಷ್ಟು ಜೊತೆ ಬಟ್ಟೆ ತರಬೇಕು, ಸ್ವೆಟರ್ ಬೇಕಾ ಬೇಡವಾ, ಎಲ್ಲಾ ಬರೆದಿರುತ್ತಾರೆ. ಸಮುದ್ರದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಜಾಗ ಸಾಲದಿದ್ದರೆ ಕತ್ತರಿಸಿ, ಆದರೆ ಬಾವುಟದ ವಿಷಯ ಮಾತ್ರ ಬಿಡಬೇಡಿ.

2024ರ ಡಿಸೆಂಬರ್‌ನಲ್ಲಿ ನಮ್ಮದೇ ಕೋಲಾರ ಜಿಲ್ಲೆಯ, ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಪ್ರವಾಸಕ್ಕೆ ಅಂತ ಖುಷಿಯಿಂದ ಹೋದ ಮಕ್ಕಳು. ಆಮೇಲೆ ಏನೇನಾಯಿತು ನಿಮಗೇ ಗೊತ್ತು. ಕೇಸಾಯಿತು, ಅಮಾನತಾಯಿತು, ಸರ್ಕಾರ ಪರಿಹಾರ ಘೋಷಿಸಿತು, ಟಿವಿಯವರು ಒಂದು ವಾರ ತೋರಿಸಿದರು. ಶಿಕ್ಷಕರನ್ನು ಬೈದವರು ಬೈದರು. ಆದರೆ ಆ ಮಕ್ಕಳಿಗೆ, ಅವರ ಜೊತೆ ಹೋದವರಿಗೆ, ಸಮುದ್ರ ಹೇಗೆ ಎಳೆಯುತ್ತದೆ ಅಂತ ಯಾರಾದರೂ ಯಾವತ್ತಾದರೂ ಹೇಳಿಕೊಟ್ಟಿದ್ದರಾ? ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ನಾನು ಶ್ರೀನಿವಾಸಪುರದವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವಳು. ಮಗಳು, ಅಳಿಯ ಸಿಡ್ನಿಯಲ್ಲಿದ್ದಾರೆ. ಈ ವರ್ಷ ಶಿವರಾತ್ರಿ ಕಳೆದ ಮೇಲೆ ಅಲ್ಲಿಗೆ ಹೋಗಿದ್ದೆ. ನಮಗಿಲ್ಲಿ ಬೇಸಿಗೆ ಶುರುವಾಗುವಾಗ ಅಲ್ಲಿ ಬೇಸಿಗೆ ಮುಗಿಯುತ್ತಿರುತ್ತದೆ. ಸಮುದ್ರದ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಒಂದು ಭಾನುವಾರ ಬಾಂಡೈ ಬೀಚ್‌ಗೆ ಕರೆದುಕೊಂಡು ಹೋದರು. ಫಾರಿನ್ ಕಥೆ ಹೇಳಿ ನಮ್ಮೂರನ್ನು ಬೈಯುವ ಪತ್ರ ಇದಲ್ಲ, ಅಂಥ ಪತ್ರಗಳನ್ನು ನಾನೇ ಓದುವುದಿಲ್ಲ. ಅಲ್ಲಿ ಕಂಡ ಕೆಲವು ವಿಷಯ ನಮ್ಮ ಮಕ್ಕಳಿಗೆ ಬೇಕು, ಅಷ್ಟೇ.

ಬಾಂಡೈ ಊರಾಚೆ ಎಲ್ಲೋ ಇರುವ ಬೀಚ್ ಅಲ್ಲ. ಸಿಡ್ನಿಯ ಪೇಟೆಯಿಂದ ಬರೀ ಏಳು ಕಿಲೋಮೀಟರ್. ರೈಲು ಬೀಚ್‌ವರೆಗೆ ಹೋಗುವುದಿಲ್ಲ, ಬಾಂಡೈ ಜಂಕ್ಷನ್‌ನಲ್ಲಿ ಇಳಿದು ಬಸ್ ಹತ್ತಬೇಕು. ಇಲ್ಲದಿದ್ದರೆ ಪೇಟೆಯ ಸರ್ಕ್ಯುಲರ್ ಕೀ ನಿಲ್ದಾಣದ ಕಡೆಯಿಂದ 333 ನಂಬರಿನ ಬಸ್ ನೇರ ಹೋಗುತ್ತದೆ, ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಟಿಕೆಟ್ ಆಯಿತು. ಕಾರಿನಲ್ಲಿ ಹೋಗಲೇಬೇಡಿ, ಪಾರ್ಕಿಂಗ್ ಸಿಗುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ. ಕ್ಯಾಂಪ್‌ಬೆಲ್ ಪೆರೇಡ್ ಅಂತ ಒಂದು ರಸ್ತೆ. ಅದರ ಒಂದು ಬದಿಗೆ ಹೋಟೆಲ್, ಐಸ್‌ಕ್ರೀಂ ಅಂಗಡಿ, ಬಟ್ಟೆ ಅಂಗಡಿ, ಹಳೇ ಕಾಲದ ಕೆಂಪು ಇಟ್ಟಿಗೆಯ ಮೂರಂತಸ್ತಿನ ಮನೆಗಳು. ಇನ್ನೊಂದು ಬದಿಗೆ ಹುಲ್ಲಿನ ಇಳಿಜಾರು, ಅದರ ಕೆಳಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಬಿಳಿ ಮರಳು. ಮೈಯಿಂದ ನೀರು ತೊಟ್ಟಿಕ್ಕುತ್ತಾ, ಬರಿಗಾಲಲ್ಲಿ, ಕಂಕುಳಲ್ಲಿ ಅಲೆಯ ಮೇಲೆ ನಿಂತು ಸಾಗುವ ಸರ್ಫಿಂಗ್ ಹಲಗೆ ಹಿಡಿದು ಜನ ಕಾಫಿಗೆ ಕ್ಯೂ ನಿಂತಿರುತ್ತಾರೆ. ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ನಾನು ಸೀರೆ ಉಟ್ಟು ಹೋಗಿದ್ದೆ, ನನ್ನನ್ನೂ ಯಾರೂ ತಿರುಗಿ ನೋಡಲಿಲ್ಲ. ಒಂದು ಕಾಫಿಗೆ ಐದಾರು ಡಾಲರ್, ಅಂದರೆ ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ಮುನ್ನೂರು ರೂಪಾಯಿ. ಕುಡಿದೆ, ಅಷ್ಟೇನೂ ಚೆನ್ನಾಗಿರಲಿಲ್ಲ. ಮೊಮ್ಮಗನ ಕೈಯಲ್ಲಿದ್ದ ಆಲೂಗಡ್ಡೆ ಚಿಪ್ಸನ್ನು ಒಂದು ಸೀಗಲ್ ಹಕ್ಕಿ ಬೆರಳು ತಾಗುವ ಹಾಗೆ ಬಂದು ಕಿತ್ತುಕೊಂಡು ಹೋಯಿತು. ಅವನು ಅತ್ತ, ನಾವು ನಕ್ಕೆವು.

ಬೀಚ್‌ಗೆ ಹೋಗಲು ದುಡ್ಡಿಲ್ಲ. ಮೈ ತೊಳೆಯುವ ಶವರ್‌ಗೂ ಇಲ್ಲ, ಟಾಯ್ಲೆಟ್‌ಗೂ ಇಲ್ಲ. ಬಾಟಲಿಗೆ ನೀರು ತುಂಬಿಸಿಕೊಳ್ಳಲು ನಲ್ಲಿ ಇದೆ. 1920ರ ದಶಕದ ಕೊನೆಯಲ್ಲಿ ಕಟ್ಟಿದ ಬಾಂಡೈ ಪೆವಿಲಿಯನ್ ಅನ್ನುವ ದೊಡ್ಡ ಕಟ್ಟಡದಲ್ಲಿ ಹೆಂಗಸರಿಗೆ ಬಟ್ಟೆ ಬದಲಾಯಿಸುವ ಕೋಣೆ ಇದೆ. ಇದೇನು ದೊಡ್ಡ ವಿಷಯ ಅನ್ನಬೇಡಿ. ಹದಿನಾಲ್ಕು ವರ್ಷದ ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಯಾವ ಶಿಕ್ಷಕಿಯನ್ನಾದರೂ ಕೇಳಿ. ಬಟ್ಟೆ ಬದಲಾಯಿಸಲು ಜಾಗ ಇಲ್ಲ ಅಂತ ಮಕ್ಕಳು ಯೂನಿಫಾರ್ಮ್ ಚೂಡಿದಾರದಲ್ಲೇ ನೀರಿಗೆ ಇಳಿಯುತ್ತಾರೆ, ದುಪಟ್ಟಾ ಪಿನ್ ಮಾಡಿಕೊಂಡೇ ಇಳಿಯುತ್ತಾರೆ. ನೆನೆದ ಪೈಜಾಮ ಕಾಲಿಗೆ ಸುತ್ತಿಕೊಂಡರೆ ಈಜು ಬಂದವರಿಗೇ ಕಷ್ಟ, ಬಾರದವರ ಗತಿ ಏನು?

ಈಗ ಬಾವುಟದ ವಿಷಯ.

ಅಷ್ಟು ಉದ್ದದ ಬೀಚಿನಲ್ಲಿ ಎಲ್ಲಿ ಬೇಕಾದರೂ ನೀರಿಗೆ ಇಳಿಯಬಹುದು ಅಂತ ನಾನಂದುಕೊಂಡಿದ್ದೆ. ಹಾಗಿಲ್ಲ. ಮರಳಿನಲ್ಲಿ ಎರಡು ಕೋಲು ನೆಟ್ಟು ಅರ್ಧ ಕೆಂಪು, ಅರ್ಧ ಹಳದಿ ಬಾವುಟ ಕಟ್ಟಿರುತ್ತಾರೆ. ಈಜುವವರು ಆ ಎರಡು ಬಾವುಟಗಳ ನಡುವೆಯೇ ಈಜಬೇಕು. ಅಲ್ಲಿ ನೀರಿನ ಮೇಲೆ ಕಣ್ಣಿಟ್ಟು ಲೈಫ್‌ಗಾರ್ಡ್‌ಗಳು ನಿಂತಿರುತ್ತಾರೆ. ನೀಲಿ ಬಟ್ಟೆಯವರು ಅಲ್ಲಿನ ನಗರಸಭೆಯ ಸಂಬಳದ ನೌಕರರು, ವರ್ಷವಿಡೀ ಇರುತ್ತಾರೆ. ಕೆಂಪು ಹಳದಿ ಬಟ್ಟೆಯವರು ಸಂಬಳ ಇಲ್ಲದೆ ರಜಾ ದಿನಗಳಲ್ಲಿ ಬಂದು ಕಾಯುವ ಊರಿನ ಜನ. ಸರ್ಫಿಂಗ್ ಮಾಡುವವರಿಗೆ ಬೇರೆ ಜಾಗ, ಹೆಚ್ಚಾಗಿ ದಕ್ಷಿಣದ ತುದಿಯಲ್ಲಿ. ಉತ್ತರದ ತುದಿಯಲ್ಲಿ ಬಂಡೆಗಳ ಪಕ್ಕ ಚಿಕ್ಕ ಮಕ್ಕಳಿಗೆ ಅಂತಲೇ ಕಟ್ಟಿದ ಆಳವಿಲ್ಲದ ಕೊಳ ಇದೆ. ನಾನು, ಮೊಮ್ಮಗ ಅಲ್ಲೇ ಜಾಸ್ತಿ ಹೊತ್ತು ಕೂತಿದ್ದೆವು.

ಆ ಬಾವುಟ ಒಂದೇ ಜಾಗದಲ್ಲಿ ಇರುವುದಿಲ್ಲ. ಇದು ನನಗೆ ಬಹಳ ಹಿಡಿಸಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಲೈಫ್‌ಗಾರ್ಡ್ ಹುಡುಗ ಬಂದು ನೀರನ್ನು ಸ್ವಲ್ಪ ಹೊತ್ತು ನೋಡಿದ. ಒಂದು ಕೋಲು ಕಿತ್ತ, ಒಂದಷ್ಟು ಹೆಜ್ಜೆ ನಡೆದು ಬೇರೆ ಕಡೆ ನೆಟ್ಟ, ಸೀಟಿ ಊದಿ ಕೈ ಬೀಸಿದ. ನೀರಿನಲ್ಲಿದ್ದ ನೂರಾರು ಜನ, ಗದ್ದೆಯಲ್ಲಿ ಮಡೆ ತಿರುಗಿಸಿದಾಗ ನೀರು ಹೋಗುವ ಹಾಗೆ, ಅವನು ತೋರಿಸಿದ ಕಡೆಗೆ ಸರಿದರು. ಯಾರೂ ಜಗಳ ಆಡಲಿಲ್ಲ. ‘ನಾವು ದುಡ್ಡು ಕೊಟ್ಟು ಬಂದಿದ್ದೇವೆ’ ಅಂತ ಒಬ್ಬರೂ ಅನ್ನಲಿಲ್ಲ. ಯಾಕೆ ಹೀಗೆ ಮಾಡಿದ ಅಂತ ಅಳಿಯನನ್ನು ಕೇಳಿದೆ. ನೀರಿನ ಕೆಳಗೆ ಮರಳಿನ ದಿಬ್ಬ ಸರಿಯುತ್ತಿರುತ್ತದಂತೆ. ಬೆಳಿಗ್ಗೆ ಸರಿಯಿದ್ದ ಜಾಗ ಮಧ್ಯಾಹ್ನ ಸರಿ ಇರಬೇಕು ಅಂತೇನಿಲ್ಲ.

ವಿಜ್ಞಾನದ ಟೀಚರ್ ಅಲ್ವಾ, ಬಿಡಲಿಲ್ಲ, ಪೂರ್ತಿ ಕೇಳಿ ತಿಳಿದುಕೊಂಡೆ. ಅಲೆಗಳು ದಡಕ್ಕೆ ನೀರು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸ್ ಹೋಗಬೇಕಲ್ಲ. ಮರಳಿನ ದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಸೇರಿಕೊಂಡು ಜೋರಾಗಿ ಸಮುದ್ರದ ಒಳಕ್ಕೆ ಹರಿಯುತ್ತದೆ. ಇದಕ್ಕೆ ರಿಪ್ ಅನ್ನುತ್ತಾರೆ. ಆ ಜಾಗದಲ್ಲಿ ಆಳ ಇರುವುದರಿಂದ ಅಲೆ ಒಡೆಯುವುದಿಲ್ಲ. ನೊರೆ ಇರುವುದಿಲ್ಲ. ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ನಮ್ಮಂಥ ಬಯಲುಸೀಮೆಯವರು ಏನು ಮಾಡುತ್ತೇವೆ ಹೇಳಿ? ಎರಡೂ ಪಕ್ಕದಲ್ಲಿ ಅಲೆ ಜೋರಾಗಿ ಬಡಿಯುತ್ತಿದೆ, ನಡುವೆ ಇಲ್ಲಿ ಸುಮ್ನೆ ಇದೆ, ಇಲ್ಲೇ ಇಳಿಯೋಣ ಅಂತ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಅಪಾಯ ಇರುವುದೇ ಅಲ್ಲಿ. ಬಾಂಡೈ ದಕ್ಷಿಣದ ತುದಿಯಲ್ಲಿ ಇಂಥ ಒಂದು ಜಾಗಕ್ಕೆ ಬ್ಯಾಕ್‌ಪ್ಯಾಕರ್ಸ್ ರಿಪ್ ಅಂತಲೇ ಹೆಸರು ಬಿದ್ದಿದೆ. ಬಸ್ಸಿನಿಂದ ಇಳಿದ ಹೊಸಬರು ಹತ್ತಿರ ಇದೆ ಅಂತ ನೇರ ಅಲ್ಲಿಗೇ ಹೋಗಿ ನೀರಿಗೆ ಬೀಳುತ್ತಾರೆ.

ರಿಪ್ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಎಳೆಯುತ್ತದೆ. ಸಿಕ್ಕಿಕೊಂಡವರು ಗಾಬರಿಯಾಗಿ ದಡದ ಕಡೆಗೇ ನೇರ ಈಜಲು ನೋಡುತ್ತಾರೆ. ಎಂಥ ಈಜುಗಾರನಾದರೂ ಆ ಹರಿವಿನ ಎದುರು ಸುಸ್ತಾಗುತ್ತಾನೆ. ಸುಸ್ತಾದ ಮೇಲೆ ಮುಳುಗುತ್ತಾನೆ. ಮಾಡಬೇಕಾದ್ದು ಏನೆಂದರೆ, ಮೈ ಸಡಿಲ ಬಿಟ್ಟು ತೇಲಬೇಕು, ಒಂದು ಕೈ ಎತ್ತಿ ಸಹಾಯ ಕೇಳಬೇಕು. ಈಜು ಬಂದರೆ ದಡಕ್ಕೆ ಅಡ್ಡಡ್ಡಲಾಗಿ, ನೊರೆ ಕಾಣುವ ಕಡೆಗೆ ಸರಿಯಬೇಕು, ಯಾಕೆಂದರೆ ಅಲೆ ಒಡೆಯುವ ಕಡೆ ಆಳ ಕಡಿಮೆ. ಇನ್ನೊಂದು ಮಾತು. ಒಬ್ಬರು ಸಿಕ್ಕಿಕೊಂಡರೆ ಅವರನ್ನು ಹಿಡಿಯಲು ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಹಾರುವುದು ನಮ್ಮಲ್ಲಿ ಯಾವಾಗಲೂ ನಡೆಯುತ್ತದೆ. ಅದಕ್ಕೇ ಪೇಪರಿನಲ್ಲಿ ಯಾವತ್ತೂ ಒಬ್ಬರ ಸುದ್ದಿ ಬರುವುದಿಲ್ಲ, ಇಬ್ಬರು, ಮೂವರು, ನಾಲ್ವರು ಅಂತಲೇ ಬರುತ್ತದೆ. ಈಜು ಬಾರದವರು ನೀರಿಗೆ ಹಾರಬಾರದು. ಖಾಲಿ ಕ್ಯಾನ್, ಹಗ್ಗ, ಸೀರೆ, ಕೈಗೆ ಸಿಕ್ಕಿದ್ದು ಎಸೆಯಬೇಕು.

ಸಿಡ್ನಿಯವರು ಹುಟ್ಟಿನಿಂದಲೇ ಹೀಗಿದ್ದರು ಅಂದುಕೊಳ್ಳಬೇಡಿ. 1900ರ ಸುಮಾರಿಗೆ ಸಿಡ್ನಿಯಲ್ಲಿ ಹಗಲು ಹೊತ್ತು ಸಮುದ್ರಕ್ಕೆ ಇಳಿಯುವುದೇ ಕಾನೂನಿಗೆ ವಿರುದ್ಧ ಆಗಿತ್ತು. ಆ ನಿಯಮ ಸಡಿಲವಾಗಿ ಜನ ನೀರಿಗೆ ಇಳಿದರು, ಮುಳುಗತೊಡಗಿದರು, ಆಗ ಊರಿನವರೇ ಸೇರಿ 1907ರಲ್ಲಿ ಬಾಂಡೈಯಲ್ಲಿ ಜೀವರಕ್ಷಕರ ಕ್ಲಬ್ ಕಟ್ಟಿದರು. ಅದೇ ವರ್ಷ ಜನವರಿಯಲ್ಲಿ 9 ವರ್ಷದ ಒಬ್ಬ ಹುಡುಗನನ್ನು ಅಲ್ಲಿನ ಅಲೆಗಳಿಂದ ಎಳೆದು ತಂದು ಬದುಕಿಸಿದರು. ಹೆಸರು ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್. ದೊಡ್ಡವನಾಗಿ 1928ರಲ್ಲಿ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಪೆಸಿಫಿಕ್ ಸಾಗರ ದಾಟಿ ಮೊದಲು ವಿಮಾನ ಹಾರಿಸಿದ ತಂಡದ ನಾಯಕ ಇವನೇ. ನಾನು ಇಳಿದ ಸಿಡ್ನಿ ವಿಮಾನ ನಿಲ್ದಾಣಕ್ಕೆ ಇವನದೇ ಹೆಸರು. 1938ರ ಫೆಬ್ರುವರಿ 6ರ ಭಾನುವಾರ ಬಾಂಡೈಯಲ್ಲಿ ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಬಂದು ಇನ್ನೂರಕ್ಕೂ ಹೆಚ್ಚು ಜನರನ್ನು ಒಳಕ್ಕೆ ಎಳೆದುಕೊಂಡವು. ಸತ್ತವರು ಐದು ಜನ. ಬಾಕಿ ಎಲ್ಲರೂ ಬದುಕಿದರು, ಯಾಕೆಂದರೆ ಆ ಹೊತ್ತಿಗೆ ಹತ್ತಾರು ಜೀವರಕ್ಷಕರು ದಡದಲ್ಲೇ ಇದ್ದರು.

ಹಾಗಂತ ಅಲ್ಲಿ ಯಾರೂ ಮುಳುಗುವುದಿಲ್ಲ ಅಂತಲ್ಲ. ಆಸ್ಟ್ರೇಲಿಯಾದ ಕರಾವಳಿಯಲ್ಲಿ ಈಗಲೂ ವರ್ಷಕ್ಕೆ ನೂರಕ್ಕೂ ಹೆಚ್ಚು ಜನ ಸಾಯುತ್ತಾರೆ. 2024ರ ಜನವರಿಯಲ್ಲಿ ವಿಕ್ಟೋರಿಯಾ ರಾಜ್ಯದ ಫಿಲಿಪ್ ಐಲ್ಯಾಂಡ್‌ನಲ್ಲಿ ಒಂದೇ ದಿನ ನಾಲ್ಕು ಜನ ಸತ್ತರು, ಎಲ್ಲರೂ ಭಾರತ ಮೂಲದವರು. ಅದು ಲೈಫ್‌ಗಾರ್ಡ್ ಇಲ್ಲದ ಬೀಚ್. ನಮ್ಮವರು ಎಲ್ಲಿಗೆ ಹೋದರೂ ಸಮುದ್ರಕ್ಕೆ ಹೊಸಬರೇ.

ನಾನು ಬಾಂಡೈಗೆ ಹೋದ ಆ ಭಾನುವಾರ ಬೆಳಿಗ್ಗೆ ಮರಳಿನ ಮೇಲೆ ಗುಲಾಬಿ ಬಣ್ಣದ ಅಂಗಿ, ತಲೆಗೆ ಬಿಗಿ ಟೋಪಿ ಹಾಕಿದ ಮಕ್ಕಳ ಹಿಂಡೇ ಇತ್ತು. ನಿಪ್ಪರ್ಸ್ ಅನ್ನುತ್ತಾರೆ. ಐದು ವರ್ಷದಿಂದ ಹದಿಮೂರು ವರ್ಷದವರೆಗಿನ ಮಕ್ಕಳು, ಬೇಸಿಗೆಯ ಭಾನುವಾರಗಳಲ್ಲಿ ಬಂದು ಸಮುದ್ರದ ಪಾಠ ಕಲಿಯುತ್ತಾರೆ. ಒಂದು ಆಟ ಆಡಿಸುತ್ತಿದ್ದರು. ಮಕ್ಕಳು ಹೊಟ್ಟೆ ಮೇಲೆ ಬೋರಲು ಮಲಗಬೇಕು, ಸೀಟಿ ಹೊಡೆದ ತಕ್ಷಣ ಎದ್ದು ತಿರುಗಿ ಓಡಿ ಮರಳಲ್ಲಿ ನೆಟ್ಟ ತುಂಡು ಕೋಲು ಕಿತ್ತುಕೊಳ್ಳಬೇಕು. ಕೋಲು ಸಿಗದವನು ಔಟ್. ನಮ್ಮ ಮಕ್ಕಳು ಈ ಆಟದಲ್ಲಿ ಅವರನ್ನೆಲ್ಲ ಸೋಲಿಸುತ್ತಾರೆ, ಅನುಮಾನವೇ ಇಲ್ಲ. ಆಟ ಮುಗಿದ ಮೇಲೆ ಒಬ್ಬ ಹೆಂಗಸು ಪುಟ್ಟ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸಮುದ್ರದ ಕಡೆ ಕೈ ತೋರಿಸಿ ‘ರಿಪ್ ಎಲ್ಲಿದೆ ಹೇಳಿ’ ಅಂದಳು. ಆರು ವರ್ಷದ ಹುಡುಗಿ ಸರಿಯಾಗಿ ತೋರಿಸಿತು. ನಾನು ಅಷ್ಟು ಹೊತ್ತು ನೋಡುತ್ತಿದ್ದರೂ ನನಗೆ ಆಮೇಲೇ ಕಂಡಿದ್ದು. ಹೇಳಿಕೊಡುತ್ತಿದ್ದವರು ಯಾರೂ ಸಂಬಳದವರಲ್ಲ, ಆ ಮಕ್ಕಳ ಅಪ್ಪ ಅಮ್ಮಂದಿರೇ.

ಸಂಜೆ ಬಂಡೆಗಳ ಅಂಚಿನಲ್ಲಿ ಕಟ್ಟಿದ ದಾರಿಯಲ್ಲಿ ಬ್ರಾಂಟೆ ಬೀಚ್‌ವರೆಗೆ ನಡೆದೆವು. ಅದೇ ದಾರಿಯಲ್ಲಿ ಕೂಜಿ ಬೀಚ್‌ವರೆಗೆ ಹೋದರೆ ಸುಮಾರು ಆರು ಕಿಲೋಮೀಟರ್, ನನ್ನ ಮೊಣಕಾಲಿಗೆ ಅದು ಆಗದ ಮಾತು. ಹೊರಡುವಾಗಲೇ ಐಸ್‌ಬರ್ಗ್ಸ್ ಕ್ಲಬ್‌ನ ಈಜುಕೊಳ ಸಿಗುತ್ತದೆ, ಅಲೆ ಎದ್ದು ಕೊಳದೊಳಕ್ಕೇ ಬಂದು ಬೀಳುತ್ತದೆ. 1929ರಿಂದ ಇರುವ ಕ್ಲಬ್. ಅದರ ಸದಸ್ಯರಾಗಬೇಕಾದರೆ ಐದು ವರ್ಷ ಚಳಿಗಾಲದಲ್ಲಿ ನಾಲ್ಕು ಭಾನುವಾರಕ್ಕೆ ಮೂರರ ಲೆಕ್ಕದಲ್ಲಿ ಬಂದು ಈಜಬೇಕಂತೆ. ಹುಚ್ಚು ಅನ್ನಿಸಿತು, ಇರಲಿ. ನಡುವೆ ಟಮರಾಮಾ ಅಂತ ಒಂದು ಪುಟ್ಟ ಬೀಚ್, ನೋಡಲು ಬಾಂಡೈಗಿಂತ ಚಂದ. ಅವತ್ತು ಅಲ್ಲಿ ಪೂರ್ತಿ ಕೆಂಪು ಬಾವುಟ ಹಾಕಿದ್ದರು, ಅಂದರೆ ಬೀಚ್ ಬಂದ್. ಮರಳಿನ ಮೇಲೆ ಜನ ಮಲಗಿದ್ದರು, ಕೂತಿದ್ದರು. ನೀರಿನಲ್ಲಿ ಒಬ್ಬರೂ ಇರಲಿಲ್ಲ.

ನಮ್ಮ ಜಿಲ್ಲೆಯ ವಿಷಯಕ್ಕೆ ಬರುತ್ತೇನೆ. ಕೋಲಾರದ ಮಕ್ಕಳಿಗೆ ನೀರಿನ ಪರಿಚಯವೇ ಇಲ್ಲ. ನನ್ನ ವಯಸ್ಸಿನವರು ಕೆರೆಯಲ್ಲಿ, ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಆಮೇಲೆ ಕೆರೆ ಒಣಗಿತು, ಬಾವಿ ಹಾಳುಬಿತ್ತು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಒಂದು ತಲೆಮಾರು ಪೂರ್ತಿ ಈಜು ಕಲಿಯದೆ ಬೆಳೆಯಿತು. ಆ ತಲೆಮಾರಿನವರೇ ಈಗ ಶಿಕ್ಷಕರು, ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದು ಕೆರೆಗಳು ತುಂಬತೊಡಗಿದವು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಬೇರೆ, ಅದನ್ನು ಇನ್ನೊಂದು ದಿನ ಆಡೋಣ. ನೀರು ಬಂತು, ಈಜು ಬರಲಿಲ್ಲ. ಇದರ ಜೊತೆಗೆ ತೋಟಗಳಲ್ಲಿ ಕೃಷಿ ಹೊಂಡ. ಅದಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟಿನ ಮೇಲೆ ಪಾಚಿ ಕಟ್ಟಿರುತ್ತದೆ. ಒಳಗೆ ಬಿದ್ದ ಮಗು ಎಷ್ಟು ಪರದಾಡಿದರೂ ಕಾಲು ಜಾರುತ್ತದೆ, ಹಿಡಿಯಲು ಒಂದು ಕಡ್ಡಿಯೂ ಸಿಗುವುದಿಲ್ಲ. ಅಂಚಿನಿಂದ ಒಂದು ಹಗ್ಗ ಗಂಟು ಹಾಕಿ ಇಳಿಬಿಟ್ಟರೆ ಎಷ್ಟು ಖರ್ಚಾಗುತ್ತದೆ? ಟೊಮ್ಯಾಟೊ ಕಟ್ಟುವ ದಾರ ಮನೆಯಲ್ಲಿ ಇರುವವರು ಇಷ್ಟು ಮಾಡಬಹುದು ಅಲ್ವಾ.

ಇಂಥ ಮಕ್ಕಳು ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಹಾಡು ಹೇಳಿ, ವಾಂತಿ ಮಾಡಿಕೊಂಡು, ಮುರುಡೇಶ್ವರದಲ್ಲಿ ಇಳಿದು ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುತ್ತಾರೆ. ಅವರನ್ನು ದಡದಲ್ಲಿ ನಿಲ್ಲಿಸಿ ‘ಮೊಣಕಾಲವರೆಗೆ ಮಾತ್ರ’ ಅಂತ ಕೂಗಿದರೆ ಆಗುತ್ತದಾ? ಒಂದು ಅಲೆ ಬಂದರೆ ಮೊಣಕಾಲಿನ ನೀರು ಎದೆಗೆ ಬರುತ್ತದೆ, ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಹಾಗಂತ ಬೀಚ್ ಪ್ರವಾಸವೇ ಬೇಡ ಅನ್ನುವವರ ಜೊತೆ ನಾನಿಲ್ಲ. ಬಡವರ ಮಕ್ಕಳು ಸಮುದ್ರ ನೋಡುವುದೇ ಶಾಲೆಯ ಪ್ರವಾಸದಲ್ಲಿ. ಅದನ್ನೂ ಕಿತ್ತುಕೊಂಡರೆ ಆ ಮಕ್ಕಳು ಇನ್ನು ನಾಲ್ಕು ವರ್ಷ ಬಿಟ್ಟು ಗೆಳೆಯರ ಜೊತೆ ಬೈಕಿನಲ್ಲಿ ಗೋಕರ್ಣಕ್ಕೆ ಹೋಗುತ್ತಾರೆ, ಆಗ ಹೇಳುವವರು ಯಾರೂ ಇರುವುದಿಲ್ಲ.

ನಮ್ಮ ಕರಾವಳಿಯಲ್ಲೂ ನೀರು ಬಲ್ಲವರು ಇದ್ದಾರೆ. ಮೂಲ್ಕಿ ಹತ್ತಿರದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದಿದೆ, ಪಡುಬಿದ್ರಿ ಮತ್ತು ಕಾಸರಕೋಡು ಬೀಚ್‌ಗಳಿಗೆ 2020ರಲ್ಲೇ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚ್ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಜನ ಸೇರುವ ಬೀಚ್‌ಗಳಲ್ಲಿ ಲೈಫ್‌ಗಾರ್ಡ್‌ಗಳೂ ಇರುತ್ತಾರೆ. ಅವರು ಸೀಟಿ ಊದಿದರೆ ನಮ್ಮ ಜನ ನಗುತ್ತಾರೆ, ಅದು ಬೇರೆ ಮಾತು. ಹಾಗಾಗಿ ಮೊದಲ ಕೆಲಸ ಬಸ್ ಇಳಿದ ತಕ್ಷಣ ಲೈಫ್‌ಗಾರ್ಡ್ ಎಲ್ಲಿದ್ದಾರೆ ಅಂತ ಹುಡುಕುವುದು, ಎಲ್ಲಿ ನಿಲ್ಲಬಹುದು ಅಂತ ಅವರನ್ನೇ ಕೇಳುವುದು. ಲೈಫ್‌ಗಾರ್ಡ್ ಇಲ್ಲದಿದ್ದರೆ, ಕೆಂಪು ಬಾವುಟ ಇದ್ದರೆ, ಕತ್ತಲಾಗಿದ್ದರೆ ಮಕ್ಕಳು ಮರಳಿನಲ್ಲೇ ಆಡಲಿ. ಪ್ರವಾಸಕ್ಕೆ ಅನುಮತಿ ಕೊಡುವ ಇಲಾಖೆಯವರು ಆ ಅರ್ಜಿಯಲ್ಲಿ ಎರಡೇ ಸಾಲು ಸೇರಿಸಲಿ: ಜೊತೆಗೆ ಹೋಗುವವರಲ್ಲಿ ಈಜು ಬರುವವರು ಯಾರು, ಮಕ್ಕಳಿಗೆ ಸಮುದ್ರದ ಪಾಠ ಯಾವ ದಿನ ಮಾಡಿದ್ದೀರಿ. ಅರ್ಧ ಗಂಟೆಯ ಪಾಠ ಸಾಕು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಲೆ ಬರೆದು, ನಡುವೆ ಖಾಲಿ ಜಾಗ ಬಿಟ್ಟು, ಇಲ್ಲಿ ಇಳಿಯಬಾರದು ಅಂತ ತೋರಿಸಿದರೆ ಆರನೇ ಕ್ಲಾಸಿನ ಮಗುವಿಗೂ ಅರ್ಥ ಆಗುತ್ತದೆ. ಪೋಷಕರೂ ಸಹಿ ಹಾಕುವ ಮೊದಲು, ಸಮುದ್ರದ ಪಾಠ ಆಯಿತಾ ಅಂತ ಒಂದು ಮಾತು ಕೇಳಿ.

ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕಿನ ಯಾವ ಶಾಲೆಯವರು ಕರೆದರೂ ನಾನು ಬಂದು ಈ ಪಾಠ ಮಾಡುತ್ತೇನೆ. ಬಾಂಡೈಯಲ್ಲಿ ರಿಪ್‌ನ ಫೋಟೊ, ವಿಡಿಯೊ ತೆಗೆದುಕೊಂಡು ಬಂದಿದ್ದೇನೆ, ಪ್ರೊಜೆಕ್ಟರ್ ಇಲ್ಲದಿದ್ದರೆ ಫೋನಿನಲ್ಲೇ ತೋರಿಸಬಹುದು. ದುಡ್ಡು ಬೇಡ, ಶಾಲು ಹಾರ ಬೇಡ. ನನ್ನ ವಿಳಾಸ ಸಂಪಾದಕರ ಹತ್ತಿರ ಇದೆ. ಬೆಳಗಿನ ಪೀರಿಯಡ್ ಕೊಡಿ, ಬಿಸಿಯೂಟ ಆದ ಮೇಲೆ ಕೊಟ್ಟರೆ ಮಕ್ಕಳು ತೂಕಡಿಸುತ್ತಾರೆ.

– ನಿವೃತ್ತ ಶಿಕ್ಷಕಿ, ಶ್ರೀನಿವಾಸಪುರ, ಕೋಲಾರ ಜಿಲ್ಲೆ